ಜಾಮ್ ಆದ ಯೆಜ್ಡಿ ಬೋರ್‌ಗೆ ಸುತ್ತಿಗೆ ಹಾಕಬೇಡಿ

ಮನೆಯಲ್ಲಿ ಹಳೆ ಯೆಜ್ಡಿನೋ ಜಾವಾನೋ ಬೈಕ್, ಎಂಜಿನ್ ಜಾಮ್ ಆಗಿ ನಿಂತಿದೆಯಾ? ದಯವಿಟ್ಟು ಸುತ್ತಿಗೆ ಎತ್ತಬೇಡಿ. ನಾನು ಎತ್ತಿದೆ. ಅಪ್ಪನ ಗಾಡಿಯ ಎಂಜಿನ್ ನನ್ನ ಕೈಯಾರೆ ಹಾಳಾಯಿತು.

ಗಾಡಿ ರೋಡ್‌ಕಿಂಗ್, 250 ಸಿಸಿ. ಸಾಗರದ ಹತ್ತಿರ ನಮ್ಮ ಮನೆಯ ಸೌದೆ ಕೊಟ್ಟಿಗೆಯಲ್ಲಿ 11 ವರ್ಷ ನಿಂತಿತ್ತು. ಯಾವಾಗಲೋ ಯಾರೋ ಸ್ಪಾರ್ಕ್ ಪ್ಲಗ್ ಬಿಚ್ಚಿಕೊಂಡು ಹೋಗಿದ್ದರು, ತೂತು ಹಾಗೇ ಇತ್ತು. ನಮ್ಮ ಕಡೆ ಮಳೆ ಗೊತ್ತಲ್ಲ, ಜೂನ್‌ನಿಂದ ಮೂರು ತಿಂಗಳು ಗೋಡೆಯೇ ಬೆವರುತ್ತೆ.

ಮೊದಲ ತಪ್ಪು, ಕಿಕ್ಕರ್ ಮೇಲೆ ನಿಂತು ತುಳಿದದ್ದು. ಯೆಜ್ಡಿಯಲ್ಲಿ ಕಿಕ್ಕರೂ ಗೇರ್ ಲಿವರೂ ಒಂದೇ. ಜಾಮ್ ಆದ ಎಂಜಿನ್ ಮೇಲೆ ಹಾಗೆ ಭಾರ ಬಿಟ್ಟರೆ ಒಳಗಿನ ಹಲ್ಲು ಹೋಗುತ್ತೆ. ಪುಣ್ಯಕ್ಕೆ ನಮ್ಮದು ಉಳಿಯಿತು.

ಪೇಟೆಯ ಒಂದು ಗ್ಯಾರೇಜಿನಲ್ಲಿ ಕೇಳಿದೆ. "ಹೆಡ್ ಬಿಚ್ಚಿ, ಪಿಸ್ಟನ್ ಮೇಲೆ ಕಟ್ಟಿಗೆ ಇಟ್ಟು ನಾಲ್ಕು ಏಟು ಹಾಕಿ, ಬರುತ್ತೆ" ಅಂದರು. ಹೆಡ್ ಅಂದರೆ ಎಂಜಿನ್ನಿನ ಮೇಲಿನ ಮುಚ್ಚಳ, ಬಿಚ್ಚಿದೆ. ಪಿಸ್ಟನ್ ಸುತ್ತ ಕೆಂಪು ತುಕ್ಕಿನ ಬಳೆ. ಅವರು ಹೇಳಿದ ಹಾಗೇ ಕಟ್ಟಿಗೆ ಇಟ್ಟು ಹೊಡೆದೆ. ಅದು ಕೂದಲೆಳೆಯಷ್ಟು ಸರಿಯಿತು, ಮತ್ತೆ ನಿಂತಿತು. ಸಿಟ್ಟು ಬಂದು ದೊಡ್ಡ ಸುತ್ತಿಗೆ ತಂದೆ. ಬೋರ್ (ಪಿಸ್ಟನ್ ಓಡಾಡುವ ಸಿಲಿಂಡರ್) ಮೇಲೇಳಲಿ ಅಂತ ಅದರ ಫಿನ್ (ಹೊರಗಿನ ರೆಕ್ಕೆಯಂಥ ಪಟ್ಟಿ) ಕೆಳಗಿನಿಂದಲೂ ಹೊಡೆದೆ, ಎರಡು ಫಿನ್ ಬಿಸ್ಕೆಟ್ ಥರ ಮುರಿದವು. ಬೀಡು ಕಬ್ಬಿಣ ಬಗ್ಗಲ್ಲ, ಮುರಿಯುತ್ತೆ. ಕೊನೆಗೆ ಬೋರ್ ಮತ್ತು ಅದರ ಕೆಳಗಿನ ಎಂಜಿನ್ ಪೆಟ್ಟಿಗೆ, ಅಂದರೆ ಕ್ರ್ಯಾಂಕ್ ಕೇಸ್, ಸೇರುವ ಕಡೆ ಸ್ಕ್ರೂ ಡ್ರೈವರ್ ತೂರಿಸಿ ಮೀಟಿದೆ.

ಬೋರ್ ಬಂತು. ಆ ದಿನ ನನಗೆ ಎಷ್ಟು ಖುಷಿಯಾಗಿತ್ತು ಅಂದರೆ, ಕ್ರ್ಯಾಂಕ್ ಕೇಸಿನ ಅಲ್ಯೂಮಿನಿಯಂ ಮುಖದ ಮೇಲೆ ಬಿದ್ದಿದ್ದ ಉಗುರು ಸಿಕ್ಕುವಷ್ಟು ಆಳದ ಗೀರನ್ನು ನೋಡಿಯೂ "ಪ್ಯಾಕಿಂಗ್ ಪೇಸ್ಟ್ ಹಚ್ಚಿದರಾಯಿತು" ಅಂದುಕೊಂಡುಬಿಟ್ಟೆ.

ಅಲ್ಲೇ ಕೆಟ್ಟದ್ದು. ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಪೆಟ್ರೋಲ್ ಮತ್ತು ಗಾಳಿ ಮೊದಲು ಕ್ರ್ಯಾಂಕ್ ಕೇಸ್ ಒಳಗೆ ಬಂದು, ಅಲ್ಲಿ ಒತ್ತಿಸಿಕೊಂಡು, ಆಮೇಲೆ ಮೇಲಕ್ಕೆ ಹೋಗೋದು. ಆ ಸಂದಿಯಲ್ಲಿ ಸ್ವಲ್ಪ ಗಾಳಿ ಎಳೆದರೂ ಸಾಕು. ಪೆಟ್ರೋಲ್ ಕಡಿಮೆಯಾಗುತ್ತೆ, ಅದರ ಜೊತೆ ಬರಬೇಕಾದ ಆಯಿಲೂ ಕಡಿಮೆ, ಪಿಸ್ಟನ್ ಬಿಸಿಯಾಗುತ್ತೆ. ಹೊಸ ಪಿಸ್ಟನ್ ಹಾಕಿ, ರೀಬೋರ್ ಮಾಡಿಸಿ (ಬೋರಿನ ಒಳಗೋಡೆ ಕೊರೆಸಿ ದೊಡ್ಡದು ಮಾಡಿಸಿ), ಜೋಗದ ಕಡೆ ಹೊರಟೆ. ತಾಳಗುಪ್ಪ ದಾಟಿದ ಮೇಲೆ ಎಂಜಿನ್ ಒಮ್ಮೆಲೇ ಹಿಡಿದುಕೊಂಡಿತು. ಹಿಂದಿನ ಚಕ್ರ ಲಾಕ್. ಕ್ಲಚ್ ಹಿಡಿದದ್ದಕ್ಕೆ ಉಳಿದೆ. ಹಿಂದೆ ಬಸ್ಸು ಇದ್ದಿದ್ದರೆ ಇದನ್ನು ಬರೆಯಲು ನಾನು ಇರುತ್ತಿರಲಿಲ್ಲ.

ಆಮೇಲೆ ಶಿವಮೊಗ್ಗದಲ್ಲಿ ವಯಸ್ಸಾದ ಮೇಸ್ತ್ರಿ ಒಬ್ಬರು ಸಿಕ್ಕರು. ಎಂಜಿನ್ ಬಿಚ್ಚಿ, ಪಿಸ್ಟನ್ನಿನ ರಾಡ್ ತಿರುಗಿಸುವ ಕ್ರ್ಯಾಂಕನ್ನು ತಿರುಗಿಸಿ ತೋರಿಸಿದರು, ಒಂದು ಕಡೆ ಓಲಾಡುತ್ತಿತ್ತು. ಈ ಕ್ರ್ಯಾಂಕ್ ತುಂಡುಗಳನ್ನು ಒತ್ತಿ ಸೇರಿಸಿದ್ದು. ಪಿಸ್ಟನ್ ಸಿಕ್ಕಿಕೊಂಡಿರುವಾಗ ಮೇಲಿಂದ ಹೊಡೆದ ಏಟೆಲ್ಲ ಕನೆಕ್ಟಿಂಗ್ ರಾಡ್ ಮೂಲಕ ಬೇರಿಂಗಿಗೂ ಕ್ರ್ಯಾಂಕಿಗೂ ಹೋಗುತ್ತೆ. "ನೀವು ಹೊಡೆದದ್ದು ಪಿಸ್ಟನ್‌ಗಲ್ಲ ಸ್ವಾಮಿ, ಇದಕ್ಕೆ" ಅಂದರು. ಬೈಯಲಿಲ್ಲ. ಅದೇ ಜಾಸ್ತಿ ನೋವಾಯಿತು.

ಅವರ ಅಂಗಡಿಯ ಮೂಲೆಯಲ್ಲಿ ಇನ್ನೊಂದು ಯೆಜ್ಡಿ ಎಂಜಿನ್ ನೆನೆಯುತ್ತಿತ್ತು, ಅವತ್ತಿಗೆ ಒಂಬತ್ತನೇ ದಿನ. ಹೆಡ್ ತೆಗೆದು, ಪಿಸ್ಟನ್ ಮೇಲೆ ಬೋರ್ ತುಂಬ ಡೀಸೆಲ್ ಮತ್ತು ಪವರ್ ಸ್ಟಿಯರಿಂಗ್ ಆಯಿಲ್ ಬೆರೆಸಿ ಹಾಕಿದ್ದರು. ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಒಂಬತ್ತು ಗೀಟು. ಟಾರ್ಚ್ ಬಿಟ್ಟು ಬಗ್ಗಿ ನೋಡಿ, "ಎಣ್ಣೆ ನಿನ್ನೆಗಿಂತ ಇಳಿದಿದೆ, ದಾರಿ ಮಾಡಿಕೊಂಡಿದೆ" ಅಂದರು. ಅಷ್ಟಾದ ಮೇಲೂ ಹೊಡೆಯಲಿಲ್ಲ. ಬೋರ್ ನಟ್ ಬಿಚ್ಚಿ, ಫಿನ್ ಮುಟ್ಟದೆ ಸೈಲೆನ್ಸರ್ ಕೂರುವ ದಪ್ಪ ಭಾಗಕ್ಕೆ ಮರದ ಕೊಡತಿಯಿಂದ ಆ ಕಡೆ ಈ ಕಡೆ ಮೆಲ್ಲಗೆ ತಟ್ಟಿದರು. ಬೋರೂ ಪಿಸ್ಟನ್ನೂ ಒಟ್ಟಿಗೇ ಮೇಲೆದ್ದವು, ಅಡಿಯಲ್ಲಿ ಪಿಸ್ಟನ್ನನ್ನು ರಾಡ್‌ಗೆ ಸೇರಿಸುವ ಗಜನ್ ಪಿನ್ ಕಂಡಿತು. ಕ್ರ್ಯಾಂಕ್ ಕೇಸ್ ಬಾಯಿಗೆ ಬಟ್ಟೆ ತುರುಕಿ, ಪಿನ್ ಜಾರದಂತೆ ತಡೆಯುವ ಸರ್ಕ್ಲಿಪ್ ತೆಗೆದು, ಪಿನ್ ಎಳೆದುಬಿಟ್ಟರು. ಇನ್ನು ರಾಡ್‌ಗೂ ಪಿಸ್ಟನ್‌ಗೂ ಸಂಬಂಧವೇ ಇಲ್ಲ. ಬೋರ್ ಸಮೇತ ಪ್ರೆಸ್‌ಗೆ ಒಯ್ದು, ಮರದ ಗುಂಡು ಇಟ್ಟು ಒತ್ತಿದರು. ಟಕ್ ಅಂತ ಒಂದು ಸದ್ದು, ಪಿಸ್ಟನ್ ಹೊರಗೆ. ನಾನು ನೋಡುತ್ತಾ ನಿಂತಿದ್ದೆ.

ಅವರು ಹೇಳಿದ್ದರಲ್ಲಿ ಇನ್ನೆರಡು ಮಾತು. ಪಿಸ್ಟನ್ ಸಡಿಲ ಇದ್ದಾಗ ಬೋರ್ ಎಳೆಯುವುದಾದರೆ ನೇರವಾಗಿ ಎಳೆಯಿರಿ, ತಿರುಚಬೇಡಿ. ತಿರುಚಿದರೆ ಪಿಸ್ಟನ್ ರಿಂಗಿನ ತುದಿ ಬೋರ್ ಗೋಡೆಯ ಕಿಂಡಿ, ಅಂದರೆ ಪೋರ್ಟ್ ಒಳಗೆ ಚಿಮ್ಮಿ ಸಿಕ್ಕಿಕೊಳ್ಳುತ್ತೆ. ಹಾಗೇ ಅಸಿಟೋನ್, ಪೆಟ್ರೋಲ್, ಡೀಸೆಲ್ ಏನೇ ಹಾಕಿ ನೆನೆಸಿದ್ದರೂ ಅದರ ಹತ್ತಿರ ಬ್ಲೋ ಲ್ಯಾಂಪ್ ತರಬೇಡಿ, ಬೆಂಕಿ ಹತ್ತುತ್ತೆ. ಸುಲಭವಾಗಲಿ ಅಂತ ಕಾಯಿಸೋರು ಬಹಳ ಜನ ಇದ್ದಾರೆ.

ನನಗೆ ಒಟ್ಟು 18,000 ರೂಪಾಯಿ ಖರ್ಚಾಯಿತು. ಕ್ರ್ಯಾಂಕ್ ಬಿಚ್ಚಿ ಸರಿ ಮಾಡಿಸಿದ್ದು, ಗೀರು ಬಿದ್ದ ಕಡೆ ವೆಲ್ಡ್ ತುಂಬಿಸಿ ಮುಖ ಸಮ ಮಾಡಿಸಿದ್ದು, ಬೋರ್ ಇನ್ನೊಂದು ಸೈಜ್ ಮೇಲಕ್ಕೆ ಹೋದದ್ದು. ಮುರಿದ ಫಿನ್ ಮಾತ್ರ ಹಾಗೇ ಇದೆ. ಈ ಗಾಡಿ ಮಾಡುತ್ತಿದ್ದ ಮೈಸೂರಿನ ಕಾರ್ಖಾನೆ 1996ರಲ್ಲೇ ಮುಚ್ಚಿದೆ, ಕಾರ್ಖಾನೆಯ ಅಸಲಿ ಬೋರ್ ಎಲ್ಲಿಂದ ತರಲಿ? ಅಪ್ಪ ಒಮ್ಮೆ ಆ ಜಾಗದ ಮೇಲೆ ಬೆರಳಾಡಿಸಿದರು, ಏನೂ ಅನ್ನಲಿಲ್ಲ.

ನಿಮ್ಮ ಗಾಡಿ ಇನ್ನೂ ತಿರುಗುತ್ತಿದ್ದು ಸುಮ್ನೆ ನಿಂತಿದ್ದರೆ ಇವತ್ತೇ ಹೋಗಿ ನೋಡಿ. ಪ್ಲಗ್ ತೂತಿನಿಂದ ಎರಡು ಚಮಚ ಟೂ-ಟಿ ಆಯಿಲ್ (ಟೂ ಸ್ಟ್ರೋಕ್ ಎಂಜಿನ್ ಆಯಿಲ್) ಬಿಟ್ಟು, ನಿಧಾನ ನಾಲ್ಕು ಸಲ ಕಿಕ್ಕರ್ ಒತ್ತಿ, ಪಿಸ್ಟನ್ ಮೇಲೆ ಬಂದ ಕಡೆ ನಿಲ್ಲಿಸಿ. ಕೆಳಗೆ ನಿಂತರೆ ಹೊಗೆ ಹೋಗುವ ಕಿಂಡಿ, ಎಕ್ಸಾಸ್ಟ್ ಪೋರ್ಟ್, ತೆರೆದೇ ಇರುತ್ತೆ, ಸೈಲೆನ್ಸರ್ ಮೂಲಕ ಥಂಡಿ ನೇರ ಬೋರ್ ಒಳಗೆ ಬರುತ್ತೆ. ಪ್ಲಗ್ ವಾಪಸ್ ಹಾಕಿ, ಸೈಲೆನ್ಸರ್ ಬಾಯಿಗೆ ಎಣ್ಣೆ ಬಟ್ಟೆ ತುರುಕಿ ಬನ್ನಿ.