ವಿಂಗರ್‌ನ ಸ್ಟೇರಿಂಗ್ ಪಂಪ್ ಬದಲಿಸಿದ ಗ್ಯಾರೇಜು, ಹುಬ್ಬಳ್ಳಿ ಗೋಕುಲ ರೋಡ್ ಕಡೆ

ಹಳೇ ಗಾಡಿ ಇಟ್ಟುಕೊಂಡವರಿಗೆ ಉಪಯೋಗಕ್ಕೆ ಬರಲಿ ಅಂತ ಬರೆಯುತ್ತಿದ್ದೇನೆ, ಸ್ವಲ್ಪ ಉದ್ದ ಆಗಬಹುದು. ನಮ್ಮದು 2011ರ ಟಾಟಾ ವಿಂಗರ್ ವ್ಯಾನ್. ಕಾಕಾ ಧಾರವಾಡದಲ್ಲಿ ಮದುವೆ, ಕುಬಸದ ಅಡುಗೆ ಹಿಡಿಯುತ್ತಾರೆ. ಹಂಡೆ, ಒಲೆ, ಸಿಲಿಂಡರ್, ಅಡುಗೆಯವರು ಎಲ್ಲ ಇದರಲ್ಲೇ ಹೋಗಬೇಕು. 1,80,000 ಕಿಲೋಮೀಟರ್ ಓಡಿದೆ. ಎಂಜಿನ್ ಇನ್ನೂ ಗಟ್ಟಿ ಇದೆ, ಅದಕ್ಕೇ ಮಾರಲು ಮನಸ್ಸಿಲ್ಲ.

ಜನವರಿಯಲ್ಲಿ ಸದ್ದು ಶುರುವಾಯಿತು. ಬೆಳಿಗ್ಗೆ ಗಾಡಿ ಚಾಲೂ ಮಾಡಿದ ಕೂಡಲೇ ಬಾನೆಟ್ ಒಳಗಿಂದ ಗುಂಯ್ ಅನ್ನುವುದು, ಸ್ಟೇರಿಂಗ್ ತಿರುಗಿಸಿದಷ್ಟೂ ಏರುವುದು. ಆಮೇಲೆ ಭಾರ ಆಗತೊಡಗಿತು. ಅದೂ ಹೇಗೆ ಅಂದ್ರೆ, ಗಾಡಿ ಬಿಸಿಯಾದ ಮೇಲೆ ಜಾಸ್ತಿ, ನಿಧಾನಕ್ಕೆ ಹೋಗುವಾಗ ಜಾಸ್ತಿ, ಎಕ್ಸಿಲೇಟರ್ ಕೊಟ್ಟರೆ ಮತ್ತೆ ಹಗುರ. ಒಂದು ದಿನ ಗದಗಿನಿಂದ ವಾಪಸ್ ಬರುವಾಗ ಅಣ್ಣಿಗೇರಿಯಲ್ಲಿ ಚಹಾಕ್ಕೆ ನಿಲ್ಲಿಸಿ, ಮತ್ತೆ ರೋಡಿಗೆ ತಿರುಗಿಸಬೇಕಾದರೆ ನನ್ನ ಭುಜ ಹಿಡಿದುಕೊಂಡಿತು. ವಿಂಗರ್‌ನಲ್ಲಿ ಎಂಜಿನ್ ಮುಂದಿದೆ, ಗಾಡಿ ಎಳೆಯುವುದೂ ಮುಂದಿನ ಗಾಲಿಗಳೇ. ಹೀಗಾಗಿ ಮುಂದೆ ತೂಕ ಜಾಸ್ತಿ, ಪವರ್ ಸ್ಟೇರಿಂಗ್ (ಪಂಪ್ ಎಣ್ಣೆ ತಳ್ಳಿ ಸ್ಟೇರಿಂಗ್ ಹಗುರ ಮಾಡುವ ವ್ಯವಸ್ಥೆ) ಕೈಕೊಟ್ಟರೆ ಕೈಗೆ ನೇರ ಗೊತ್ತಾಗುತ್ತದೆ. ಹಿಂದೆ ಆರು ಜನ ಕೂತಿದ್ದರು. ನನಗೆ ನಿಜವಾಗಿ ಭಯ ಆಯಿತು.

ಮೊದಲು ಬೇರೆ ಕಡೆ ತೋರಿಸಿದೆವು. ಅಲ್ಲಿ ಗಾಡಿಯ ಕೆಳಗೆ ಕೂಡ ನೋಡಲಿಲ್ಲ. ಎಣ್ಣೆ ಸ್ವಲ್ಪ ಸುರಿದು, ಸ್ಟೇರಿಂಗ್ ಎರಡು ಸಲ ತಿರುಗಿಸಿ, ರ್ಯಾಕ್ (ಸ್ಟೇರಿಂಗ್ ತಿರುಗಿಸಿದಾಗ ಮುಂದಿನ ಗಾಲಿ ತಿರುಗಿಸುವ ಭಾಗ) ಹೋಗಿದೆ, ಪೂರ್ತಿ ಬದಲಿಸಬೇಕು, 30,000 ದಾಟುತ್ತದೆ ಅಂದರು. ಕಾಕಾ ಮನೆಗೆ ಬಂದು ಎರಡು ದಿನ ಮಾತೇ ಆಡಲಿಲ್ಲ. ಮದುವೆ ಸೀಸನ್ ಎದುರಿಗಿತ್ತು, ಅಷ್ಟು ದುಡ್ಡು ಎಲ್ಲಿಂದ ತರೋದು?

ಆಮೇಲೆ ಟ್ಯಾಕ್ಸಿ ಓಡಿಸುವ ಗೆಳೆಯನೊಬ್ಬ ಈ ಗ್ಯಾರೇಜು ತೋರಿಸಿದ. ಗೋಕುಲ ರೋಡಿನಿಂದ ಇಂಡಸ್ಟ್ರಿಯಲ್ ಎಸ್ಟೇಟ್ ಒಳಗೆ ಹೋಗಬೇಕು. ತಗಡಿನ ಶೆಡ್ಡು, ಬೋರ್ಡ್ ಇಲ್ಲ, ಮುಂದೆ ಬೇವಿನ ಮರ. ಮಿಸ್ತ್ರಿಗೆ ಅರವತ್ತರ ಹತ್ತಿರ ವಯಸ್ಸು, ಜೊತೆಗೆ ಇಬ್ಬರು ಹುಡುಗರು. ರ್ಯಾಕ್ ಬದಲಿಸಬೇಕಂತೆ ಅಂತ ನಾನು ಹೇಳಿದ ಕೂಡಲೇ ಅವರು ಕೈ ಒರೆಸಿಕೊಳ್ಳುತ್ತಾ, "ಮೊದ್ಲ ನೋಡೂಣ್ರಿ ಸರ, ಏನ್ ಹೋಗೇತಿ ಅಂತ ಗಾಡೀನ ಹೇಳ್ತೈತಿ" ಅಂದರು.

ನೋಡಿದ ರೀತಿ ನನಗೆ ತುಂಬಾ ಹಿಡಿಸಿತು. ಮೊದಲು ಟೈರಿನ ಗಾಳಿ. ಆಮೇಲೆ ಮುಂದಿನ ಎರಡೂ ಗಾಲಿ ಜಾಕ್ ಮೇಲೆ ಎತ್ತಿ, ಎಂಜಿನ್ ಬಂದ್ ಇಟ್ಟು ಸ್ಟೇರಿಂಗನ್ನು ಕೈಯಿಂದ ತಿರುಗಿಸಿದರು. ಎಲ್ಲೂ ಹಿಡಿಯಲಿಲ್ಲ. ಅಂದರೆ ಗಾಲಿ ಕಡೆಯ ಬಾಲ್ ಜಾಯಿಂಟ್, ಸ್ಟೇರಿಂಗ್ ಕಂಬದ ಜಾಯಿಂಟ್ ಸರಿ ಇವೆ. ಪಂಪ್ ತಿರುಗಿಸುವ ಬೆಲ್ಟ್ ಒತ್ತಿ ನೋಡಿದರು, ಸಡಿಲ ಇರಲಿಲ್ಲ. ಎಣ್ಣೆ ಡಬ್ಬಿಯ ಮುಚ್ಚಳ ತೆಗೆದು ನನ್ನನ್ನು ಕರೆದರು. ಒಳಗೆ ಮಜ್ಜಿಗೆ ಕಡೆದ ಹಾಗೆ ನೊರೆ. ಗಾಳಿ ಎಳೆಯುತ್ತಿದೆ ಅಂತ ಅರ್ಥ. ಡಬ್ಬಿಯಿಂದ ಪಂಪಿಗೆ ಬರುವ ಪೈಪಿನ ಕ್ಲಿಪ್ ಸಡಿಲಾಗಿತ್ತು, ಪೈಪಿನ ತುದಿ ಸೀಳಿತ್ತು. ಆ ಪೈಪ್ ಗಾಳಿ ಎಳೆದರೂ ಹೊರಗೆ ಎಣ್ಣೆ ಅಷ್ಟಾಗಿ ಸೋರುವುದಿಲ್ಲ, ಅದಕ್ಕೇ ಯಾರ ಕಣ್ಣಿಗೂ ಬೀಳಲ್ಲ ಅಂತ ಹೇಳಿದರು. ಪೈಪು, ಕ್ಲಿಪ್ಪು ಅಷ್ಟೇ ಬದಲಿಸಿ, "ಎರಡು ದಿನ ಓಡಿಸ್ರಿ, ಆಮೇಲೆ ಬರ್ರಿ" ಅಂತ ಕಳಿಸಿಬಿಟ್ಟರು. ತಗೊಂಡಿದ್ದು 350 ರೂಪಾಯಿ.

ಸದ್ದು ಅರ್ಧಕ್ಕರ್ಧ ಇಳಿಯಿತು. ಆದರೆ ಬಿಸಿಯಾದ ಮೇಲಿನ ಭಾರ ಹಾಗೇ ಇತ್ತು. ಮತ್ತೆ ಹೋದೆವು.

ಈ ಸಲ ಅವರು ಗೇಜ್ ಹೊರಗೆ ತೆಗೆದರು. ಒಂದು ಮೀಟರು, ಅದರ ಪಕ್ಕ ಒಂದು ವಾಲ್ವು. ಪಂಪಿನಿಂದ ರ್ಯಾಕಿಗೆ ಹೋಗುವ ಪ್ರೆಶರ್ ಪೈಪ್ ಬಿಚ್ಚಿ ನಡುವೆ ಇದನ್ನು ಕೂಡಿಸುತ್ತಾರೆ. ಗಾಡಿ ಬಿಸಿ ಇರುವಾಗಲೇ ಎಂಜಿನ್ ಚಾಲೂ ಇಟ್ಟು ವಾಲ್ವ್ ಮುಚ್ಚಿದರೆ ಎಣ್ಣೆಗೆ ಮುಂದೆ ದಾರಿ ಇಲ್ಲ, ಆಗ ಪಂಪಿನ ಪೂರ್ತಿ ತಾಕತ್ತು ಮೀಟರಿನಲ್ಲಿ ಕಾಣುತ್ತದೆ. ಮುಚ್ಚಿದ ಮೇಲೆ ಪ್ರೆಶರ್ ಏರಿದರೆ ಪಂಪ್ ಚೆನ್ನಾಗಿದೆ, ರ್ಯಾಕ್ ಒಳಗೇ ಸೋರುತ್ತಿದೆ. ಮುಚ್ಚಿದರೂ ಏರದಿದ್ದರೆ ಪಂಪೇ ಹೋಗಿದೆ. ಇಷ್ಟೇ ಲೆಕ್ಕ. ಮುಚ್ಚಿ ಐದು ಸೆಕೆಂಡಿಗಿಂತ ಜಾಸ್ತಿ ಹಿಡಿಯಬಾರದು, ಹಿಡಿದರೆ ಚೆನ್ನಾಗಿರುವ ಪಂಪೂ ಸುಟ್ಟು ಹಾಳಾಗುತ್ತದೆ, ಹಾಗಾಗಿ ಮನೆಯಲ್ಲಿ ಮಾಡಲು ಹೋಗಬೇಡಿ. ನನ್ನನ್ನು ಮೀಟರ್ ಹತ್ತಿರ ನಿಲ್ಲಿಸಿ, ಮುಳ್ಳು ನೋಡ್ತಿರಿ ಅಂದರು. ಮುಚ್ಚಿದರು. ಮುಳ್ಳು 40ರ ಹತ್ತಿರ ಹೋಗಿ ನಡುಗುತ್ತಾ ನಿಂತಿತು, ಮೇಲೆ ಹೋಗಲೇ ಇಲ್ಲ. ಮತ್ತೊಮ್ಮೆ ಮಾಡಿದರು, ಅದೇ 40. "ರ್ಯಾಕ್‌ಗೆ ಏನೂ ಆಗಿಲ್ರಿ. ಪಂಪ್ ಅಷ್ಟ" ಅಂದರು. ಕಾಕಾ ಅಲ್ಲೇ ಟೈರ್ ಮೇಲೆ ಕೂತುಬಿಟ್ಟರು. ಅವರ ಮುಖ ನೋಡಿ ನನಗೂ ಕಣ್ಣು ತುಂಬಿತು.

ಪಂಪ್ ಎರಡು ಥರ ಸಿಗುತ್ತೆ, ರಿಪೇರಿ ಮಾಡಿದ್ದು ಅಥವಾ ಹೊಸದು. ರಿಪೇರಿದು ಅರ್ಧ ರೇಟಿಗೆ ಸಿಗುತ್ತಿತ್ತು. ನಾವು ಹೊಸದೇ ಹಾಕಿಸಿದೆವು, ಜನ ಕೂರಿಸಿಕೊಂಡು ಓಡಾಡುವ ಗಾಡಿ ಅಲ್ವಾ.

ಹಳೇ ಪಂಪ್ ಬಿಚ್ಚಿದ ಮೇಲೆ ಸುಮ್ನೆ ಗುಜರಿಗೆ ಎಸೆಯಲಿಲ್ಲ, ನಮ್ಮೆದುರಿಗೇ ತೆರೆದು ಒಂದು ತಟ್ಟೆಯಲ್ಲಿ ಇಟ್ಟರು. ಒಳಗೆ ಒಂದು ಗಾಲಿ, ಅದರ ಸೀಳುಗಳಲ್ಲಿ ಸಣ್ಣ ಸಣ್ಣ ಪಟ್ಟಿಗಳು, ಸುತ್ತ ಮೊಟ್ಟೆಯಾಕಾರದ ಬಳೆ. ಗಾಲಿ ತಿರುಗುವಾಗ ಪಟ್ಟಿಗಳು ಹೊರಗೆ ಚಾಚಿ ಬಳೆಗೆ ಒತ್ತಿಕೊಂಡು ಎಣ್ಣೆ ತಳ್ಳುತ್ತವೆ. ನಮ್ಮ ಬಳೆಯ ಒಳಗೆ ಉಗುರು ಆಡಿಸಿದರೆ ಗೆರೆಗೆರೆ ಸಿಗುತ್ತಿತ್ತು. ಆ ಸಂದಿಯಲ್ಲಿ ಎಣ್ಣೆ ಹಿಂದಕ್ಕೆ ಜಾರುತ್ತೆ, ಬಿಸಿಯಾಗಿ ತೆಳ್ಳಗಾದರೆ ಇನ್ನೂ ಜಾಸ್ತಿ ಜಾರುತ್ತೆ. ಗಾಡಿ ಬಿಸಿಯಾದ ಮೇಲೆ ಯಾಕೆ ಭಾರ ಆಗುತ್ತಿತ್ತು, ಎಕ್ಸಿಲೇಟರ್ ಕೊಟ್ಟು ಪಂಪ್ ಜೋರಾಗಿ ತಿರುಗಿದರೆ ಯಾಕೆ ಹಗುರ ಆಗುತ್ತಿತ್ತು ಅನ್ನೋದು ನನಗೆ ಆಗ ತಿಳಿಯಿತು. ಡಬ್ಬಿಯ ತಳದಲ್ಲಿ ಬೂದಿಯಂಥ ಲೋಹದ ಪುಡಿ ಇತ್ತು. ಗಾಳಿ ಸೇರಿದ ಎಣ್ಣೆಯಲ್ಲಿ ತಿಂಗಳುಗಟ್ಟಲೆ ಓಡಿದ್ದಕ್ಕೇ ಹೀಗಾಗಿದೆ ಅಂದರು. ಮೊದಲು ಸದ್ದು ಬಂದಾಗಲೇ ಯಾರಾದರೂ ಆ ಪೈಪ್ ನೋಡಿದ್ದರೆ ಪಂಪ್ ಉಳಿಯುತ್ತಿತ್ತೋ ಏನೋ, ಅದೊಂದು ಬೇಜಾರು ಇನ್ನೂ ಇದೆ.

ಕೂಡಿಸುವ ಕೆಲಸದಲ್ಲೂ ಅವಸರ ಇಲ್ಲ. ಬೆಲ್ಟ್ ಕೂರುವ ಪುಲ್ಲಿಗೆ (ಗಾಲಿಗೆ) ಸುತ್ತಿಗೆ ಮುಟ್ಟಿಸಲಿಲ್ಲ, ಎಳೆದು ತೆಗೆಯುವ ಪುಲ್ಲರ್ ಹಾಕಿಯೇ ತೆಗೆದರು. ಹಳೇ ಪುಡಿ ಹೊಸ ಪಂಪನ್ನೂ ತಿನ್ನುತ್ತೆ ಅಂತ ಡಬ್ಬಿಯನ್ನೇ ಬದಲಿಸಿ, ವಾಪಸ್ ಬರುವ ಪೈಪನ್ನು ಬಾಟಲಿಗೆ ಬಿಟ್ಟು, ಕೆಂಪು ಎಣ್ಣೆ ಶುದ್ಧವಾಗಿ ಬರುವ ತನಕ ಹೊಸ ಎಣ್ಣೆ ಹಾಯಿಸಿದರು. ಆಮೇಲೆ ಗಾಲಿ ಎತ್ತಿ, ಎಂಜಿನ್ ಬಂದ್ ಇಟ್ಟು, ಒಬ್ಬ ಹುಡುಗ ಈ ತುದಿಯಿಂದ ಆ ತುದಿಗೆ ಇಪ್ಪತ್ತು ಸಲ ನಿಧಾನಕ್ಕೆ ಸ್ಟೇರಿಂಗ್ ತಿರುಗಿಸಿದ, ಇನ್ನೊಬ್ಬ ಡಬ್ಬಿಯಲ್ಲಿ ಗುಳ್ಳೆ ನೋಡುತ್ತಾ ಎಣ್ಣೆ ತುಂಬಿಸಿದ. ಗುಳ್ಳೆ ನಿಂತ ಮೇಲೆಯೇ ಎಂಜಿನ್ ಚಾಲೂ. ಕೊನೆಗೆ ಮತ್ತೆ ಗೇಜ್ ಹಾಕಿ ತೋರಿಸಿದರು, ಮುಳ್ಳು 80 ದಾಟಿತು.

ಬಿಲ್ಲು: ಹೊಸ ಪಂಪ್ 7,200, ಡಬ್ಬಿ ಮತ್ತು ವಾಷರ್ 900, ಎಣ್ಣೆ 800, ಕೂಲಿ 1,800. ಒಟ್ಟು 10,700. ಎಲ್ಲಿ 30,000, ಎಲ್ಲಿ ಇದು.

ಕೊರತೆಯೂ ಹೇಳಬೇಕು. ಒಂದೇ ದಿನದ ಕೆಲಸ ಅಂದಿದ್ದರು, ಪಂಪ್ ಬರುವುದು ತಡವಾಗಿ ಎರಡು ದಿನ ಹಿಡಿಯಿತು. ನಾನು ಗಾಡಿ ಬಿಟ್ಟು ಹುಬ್ಬಳ್ಳಿಯ ಹೊಸೂರಿಗೆ ಬಂದು ಚಿಗರಿ ಬಸ್ ಹಿಡಿದು ಧಾರವಾಡಕ್ಕೆ ಓಡಾಡಿದೆ. ಕೆಲಸ ಮಾಡುವಾಗ ಫೋನ್ ಎತ್ತುವುದಿಲ್ಲ. ಕೂಡಲು ಒಂದು ಬೆಂಚು ಅಷ್ಟೇ, ಹೆಣ್ಣುಮಕ್ಕಳನ್ನು ಕರೆದುಕೊಂಡು ಹೋದರೆ ತೊಂದರೆ. ಬಿಲ್ಲು ಕೈಬರಹದ್ದು, ಕಂಪ್ಯೂಟರ್ ಬಿಲ್ ಬೇಕೇ ಬೇಕು ಅನ್ನುವವರಿಗೆ ಇದು ಆಗದು.

500 ಕಿಲೋಮೀಟರ್ ಆದ ಮೇಲೆ ಬರ್ರಿ ಅಂದಿದ್ದರು. ಹಾವೇರಿಗೆ ಎರಡು ಮದುವೆ ಮುಗಿಸಿ ಹೋದೆವು. ಬೆಲ್ಟ್ ಸ್ವಲ್ಪ ಬಿಗಿ ಮಾಡಿ, ಎಣ್ಣೆ ನೋಡಿ, ದುಡ್ಡು ಬೇಡ ಅಂದರು. ಕಾಕಾ ಬಿಡಲಿಲ್ಲ, ಮದುವೆಯ ಬುಂದಿ ಲಾಡು ಒಂದು ಡಬ್ಬಿ ಹುಡುಗರ ಕೈಗೆ ಕೊಟ್ಟು ಬಂದರು. ಹೋಗುವವರು ಬೆಳಿಗ್ಗೆ ಹತ್ತರೊಳಗೆ ಹೋಗಿ, ಆಮೇಲೆ ಗಾಡಿ ನಿಲ್ಲಿಸಲು ಜಾಗ ಸಿಗಲ್ಲ. ಅಮಾವಾಸ್ಯೆ ದಿನ ಬಂದ್ ಇರುತ್ತದೆ.