ಲೆಟರ್‌ಬಾಕ್ಸ್ ಮೇಲೆ ಹೆಸರು ಹಾಕಬೇಡ ಅಂದರೆ ಆ ರೂಮ್ ಬೇಡವೇ ಬೇಡ

ಬರ್ಲಿನ್‌ಗೆ ಒಂದು ಸೆಮಿಸ್ಟರ್ ಎಕ್ಸ್‌ಚೇಂಜ್ ಅಂತ ಬರುವವರು ದಯವಿಟ್ಟು ಓದಿ. ನನ್ನ 700 ಯೂರೋ ಹೋಯಿತು. ದುಡ್ಡಿಗಿಂತ ಜಾಸ್ತಿ ಉರಿಯುತ್ತಿರುವುದು, ನಾನೇ ನಗುನಗುತ್ತಾ ಎಣಿಸಿ ಕೊಟ್ಟೆನಲ್ಲ ಅನ್ನೋದು.

ಅಕ್ಟೋಬರ್, ಓರಿಯಂಟೇಶನ್ ವಾರ. ಒಬ್ಬರ ಪರಿಚಯವೂ ಇಲ್ಲ. ಸ್ಟೂಡೆಂಟ್ ಹಾಸ್ಟೆಲ್‌ನಲ್ಲಿ ವೇಟಿಂಗ್ ಲಿಸ್ಟ್. ಎಂಟು ಜನರ ಡಾರ್ಮಿಟರಿಯಲ್ಲಿ ಸೂಟ್‌ಕೇಸ್‌ಗೆ ಕಾಲು ಸುತ್ತಿಕೊಂಡು ಮಲಗುತ್ತಿದ್ದೆ. ಆಗ ತಾನಾಗಿ ಬಂದು ಮಾತಾಡಿಸಿದವನು ಇವನು. ಎರಡು ವರ್ಷ ಸೀನಿಯರ್. ತನ್ನ ಗ್ಯಾಂಗ್‌ಗೆ ಪರಿಚಯ ಮಾಡಿಸಿದ, ಪಾರ್ಟಿಗೆ ಕರೆದುಕೊಂಡು ಹೋದ, ವಾಟ್ಸಾಪ್ ಗ್ರೂಪಿಗೆ ಸೇರಿಸಿದ. ನನಗಂತೂ ದೇವರೇ ಕಳಿಸಿದ ಹಾಗಿತ್ತು. ಮೂರನೇ ದಿನ, "ನಮ್ಮ ವೇಗೇಯಲ್ಲಿ ಒಂದು ರೂಮ್ ಖಾಲಿ ಇದೆ, ಬರ್ತೀಯಾ?" ಅಂದ. ಶೇರಿಂಗ್ ಫ್ಲಾಟ್‌ಗೆ ಇಲ್ಲಿ ಹಾಗನ್ನುತ್ತಾರೆ. ತಿಂಗಳಿಗೆ 520 ಯೂರೋ, ಡೆಪಾಸಿಟ್ 700, ಕ್ಯಾಶ್. ನನ್ನ ಬ್ಲಾಕ್ಡ್ ಅಕೌಂಟ್‌ನಿಂದ, ಅಂದರೆ ವೀಸಾಕ್ಕಾಗಿ ಮೊದಲೇ ದುಡ್ಡು ತುಂಬಿಡುವ ಖಾತೆಯಿಂದ, ತಿಂಗಳಿಗೆ ಸಿಗೋದೇ 992!

ರಸೀದಿ ಕೇಳಿದೆ. "ಫ್ರೆಂಡ್ಸ್ ಮಧ್ಯೆ ಕಾಗದ ಯಾಕೆ?" ಅಂದ. ನನಗೇ ನಾಚಿಕೆಯಾಗಿ ಸುಮ್ಮನಾದೆ. ಕೇಳಿದ್ದಕ್ಕೆ ನಾಚಿಕೆ, ನೋಡಿ!

ಕೀ ಕೊಡುವಾಗ ಇನ್ನೊಂದು ಮಾತು. "ಲೆಟರ್‌ಬಾಕ್ಸ್ ಮೇಲೆ ನಿನ್ನ ಹೆಸರು ಅಂಟಿಸಬೇಡ." ಇಲ್ಲಿ ಡಬ್ಬದ ಮೇಲೆ ಹೆಸರಿಲ್ಲದಿದ್ದರೆ ಪತ್ರ ವಾಪಸ್ ಹೋಗುತ್ತೆ. ನನ್ನ ಬ್ಯಾಂಕ್ ಕಾರ್ಡ್ ಹಾಗೇ ವಾಪಸ್ ಹೋಯಿತು. ಆಗಲೂ ತಲೆಗೆ ಹೋಗಲಿಲ್ಲ.

ಮನೆ ಸೇರಿದ ಎರಡು ವಾರದೊಳಗೆ ಅನ್‌ಮೆಲ್ಡುಂಗ್ ಮಾಡಿಸಬೇಕು, ಅಂದರೆ ವಿಳಾಸ ನೋಂದಣಿ. ಅದಿಲ್ಲದೆ ಇಲ್ಲಿ ಮುಂದಿನ ಯಾವ ಕೆಲಸವೂ ಸಲೀಸಾಗಿ ಆಗಲ್ಲ. ಅದಕ್ಕೆ ಮನೆ ಕೊಟ್ಟವರ ಸಹಿ ಬೇಕು. 2015ರ ನವೆಂಬರ್‌ನಿಂದ ಇದು ಕಡ್ಡಾಯ. ಇವನನ್ನು ಕೇಳಿದರೆ ಮೊದಲ ವಾರ, "ಓನರ್ ಸ್ಪೇನ್‌ಗೆ ಹೋಗಿದ್ದಾರೆ." ಎರಡನೇ ವಾರ, "ಇನ್ನೂ ಬಂದಿಲ್ಲ." ಮೂರನೇ ವಾರ, "ಇಷ್ಟು ಟೆನ್ಶನ್ ಯಾಕೆ, ರಿಲ್ಯಾಕ್ಸ್," ಜೊತೆಗೆ ಒಂದು ನಗುವ ಸ್ಮೈಲಿ.

ಕೊನೆಗೆ ಸಹಿ ಇಲ್ಲದೆಯೇ ಬ್ಯುರ್ಗರ್‌ಆಮ್ಟ್‌ಗೆ, ಅಂದರೆ ನೋಂದಣಿ ಮಾಡುವ ಸರ್ಕಾರಿ ಕಚೇರಿಗೆ ಹೋದೆ. ಓನರ್ ಊರಲ್ಲಿಲ್ಲ ಅಂತ ಗೋಗರೆದೆ. ಕೌಂಟರ್‌ನಲ್ಲಿದ್ದ ಹೆಂಗಸು ಖಾಲಿ ಫಾರಂ ತೆಗೆದು ಪೆನ್ಸಿಲ್ ತುದಿಯಿಂದ ಒಂದು ಗೆರೆ ತೋರಿಸಿದರು. "ಓನರ್ ಸಹಿಯೇ ಬೇಕಂತಿಲ್ಲ. ನಿಮಗೆ ರೂಮ್ ಕೊಟ್ಟವನು ಹಾಕಬಹುದಲ್ಲ?"

ಒಂದು ಕ್ಷಣ ನನಗೆ ಏನೂ ಕೇಳಿಸಲಿಲ್ಲ. ಅವನೇ ಹಾಕಬಹುದಿತ್ತು. ಪಕ್ಕದ ರೂಮಲ್ಲಿ ಕೂತು, ನನ್ನ ಚಾರ್ಜರ್ ಬಳಸುತ್ತಾ, ಮೂರು ವಾರ ಸ್ಪೇನ್ ಕಥೆ ಹೇಳಿದ್ದ.

ಅವತ್ತು ರಾತ್ರಿ ಕೇಳಿದೆ. "ನಾನು ಸಹಿ ಹಾಕಿದರೆ ಓನರ್‌ಗೆ ಗೊತ್ತಾಗುತ್ತೆ," ಅಂದ. ಅಂದರೆ ನಾನು ಆ ಮನೆಯಲ್ಲಿರುವುದೇ ಓನರ್‌ಗೆ ಗೊತ್ತಿಲ್ಲ! ಒಳಬಾಡಿಗೆಗೆ ಓನರ್ ಒಪ್ಪಿಗೆ ಬೇಕು, ಇವನು ಕೇಳಿಯೇ ಇಲ್ಲ. "ಎಲ್ಲರೂ ಹೀಗೇ ಇರೋದು. ನಿನಗೆ ಮಾತ್ರ ಸಮಸ್ಯೆ," ಅಂತ ಬೇರೆ. ಡೆಪಾಸಿಟ್ ವಾಪಸ್ ಕೊಡು ಅಂದೆ. "ಯಾವ ಡೆಪಾಸಿಟ್? ಅದು ಸೋಫಾ, ವಾಷಿಂಗ್ ಮೆಷೀನಿಗೆ ನಿನ್ನ ಪಾಲು." ಆ ಸೋಫಾದ ಕೈಯಿಂದ ಸ್ಪಂಜು ಇಣುಕುತ್ತಿತ್ತು. ಅದರ ಮೇಲೆ ಕೂತೇ ಈ ಮಾತು ಹೇಳಿದ.

ಸೂಟ್‌ಕೇಸ್ ಎತ್ತಿಕೊಂಡು ಮತ್ತೆ ಡಾರ್ಮಿಟರಿ. ಮಾರನೇ ದಿನ ಗ್ರೂಪಿನಲ್ಲಿ ಅವನ ಮೆಸೇಜ್: "ಕೆಲವರಿಗೆ ಸ್ನೇಹಕ್ಕಿಂತ ದುಡ್ಡೇ ಮುಖ್ಯ." ಇಬ್ಬರು ಅದಕ್ಕೆ ಹಾರ್ಟ್ ಒತ್ತಿದ್ದರು. ನನ್ನ ಸ್ನೇಹಿತರು ಅಂತ ನಾನು ಎಣಿಸಿಕೊಂಡಿದ್ದವರು. ಏನಾಯ್ತು ಅಂತ ಒಬ್ಬರೂ ಕೇಳಲಿಲ್ಲ.

ರೂಮ್ ನೋಡುವ ದಿನವೇ "ಅನ್‌ಮೆಲ್ಡುಂಗ್ ಆಗುತ್ತಾ?" ಅಂತ ಕೇಳಿ. ತಡವರಿಸಿದರೆ ಎದ್ದು ಬನ್ನಿ. ಕ್ಯಾಶ್ ಬೇಡ, ಅಕೌಂಟಿಗೇ ಹಾಕಿ. ಡೆಪಾಸಿಟ್ ಅಂತ ಮೂರು ತಿಂಗಳ ಮೂಲ ಬಾಡಿಗೆಗಿಂತ ಜಾಸ್ತಿ ಕೇಳುವಂತಿಲ್ಲ, ಅದನ್ನೂ ಮೂರು ಕಂತಿನಲ್ಲಿ ಕೊಡಬಹುದು. ಕಾನೂನೇ ಇದೆ, ನನಗೆ ಗೊತ್ತಿರಲಿಲ್ಲ. ದುಡ್ಡು ಕೊಟ್ಟರೆ ಬರೀ ವಿಳಾಸ ಕೊಡ್ತೀವಿ ಅನ್ನುವವರೂ ಸಿಗುತ್ತಾರೆ, ನನಗೂ ಒಬ್ಬ ಸಿಕ್ಕಿದ್ದ. ವಾಸ ಇಲ್ಲದ ಮನೆಗೆ ಸುಳ್ಳು ಕಾಗದ ಕೊಟ್ಟರೆ 50,000 ಯೂರೋವರೆಗೆ ದಂಡ. ಆ ಕಡೆ ತಿರುಗಿಯೂ ನೋಡಬೇಡಿ. ಮತ್ತೆ, ಪಾರ್ಟಿಗೆ ಕರೆದವನ ಹತ್ತಿರ ಬಾಡಿಗೆ ಮಾತಾಡಬೇಡಿ, ಅಷ್ಟೇ.

ಮೊನ್ನೆ ಕ್ಯಾಂಟೀನಿನಲ್ಲಿ ಎದುರಿಗೇ ಸಿಕ್ಕ. ಟ್ರೇ ಹಿಡಿದುಕೊಂಡು, ಏನೂ ಆಗದ ಹಾಗೆ, "ಹೇಗಿದ್ದೀಯಾ?" ಅಂದ. ಎಷ್ಟು ಸಲ ಮನಸ್ಸಿನಲ್ಲೇ ಬೈದಿದ್ದೆನೋ ಲೆಕ್ಕವಿಲ್ಲ. ಬಾಯಿಂದ ಬಂದದ್ದು ಮಾತ್ರ "ಚೆನ್ನಾಗಿದ್ದೀನಿ."