ಕೋಳಿಗೂಡಿಗೆ ಅರ್ಧ ಇಂಚಿನ ಜಾಲರಿ: ತಗೋಬಹುದಾ?

ಅಳಿಲು ಬರೀ ಕಾಯಿ-ಬೀಜ ತಿನ್ನುತ್ತೆ ಅಂತ ನಂಬಿದವರೇ ಆರು ಮೂಲೆ ಕಣ್ಣಿನ ಕೋಳಿ ಜಾಲರಿ ಕೊಂಡು ಕೈ ಸುಟ್ಟುಕೊಳ್ಳೋದು. ಮೊಟ್ಟೆ, ಹಕ್ಕಿಮರಿ ಸಿಕ್ಕರೆ ಅಳಿಲು ಬಿಡೋದಿಲ್ಲ. 2024ರಲ್ಲಿ ಕ್ಯಾಲಿಫೋರ್ನಿಯಾದ ನೆಲ ಅಳಿಲುಗಳು ವೋಲ್ ಎಂಬ ಇಲಿಜಾತಿಯನ್ನು ಅಟ್ಟಿಸಿ ಹಿಡಿದು, ಕತ್ತು ಕಚ್ಚಿ ತಿಂದದ್ದೇ ದಾಖಲಾಗಿದೆ. ಹೆಗ್ಗಣವಂತೂ ಕೋಳಿಮರಿಯನ್ನೇ ಎಳೆದೊಯ್ಯುತ್ತೆ.

ಕಲಬುರಗಿಯ ಹಾರ್ಡ್‌ವೇರ್ ಅಂಗಡಿಗಳಲ್ಲಿ ಸಿಗುವ ಅರ್ಧ ಇಂಚು ಕಣ್ಣಿನ ವೆಲ್ಡೆಡ್ ಜಿಐ (ಸತು ಲೇಪಿಸಿದ ಕಬ್ಬಿಣ) ಜಾಲರಿ ಇದಕ್ಕೆ ಸರಿ. ತಂತಿಯ ದಪ್ಪ 19 ಗೇಜ್ ಕೇಳಿ. ಹೆಬ್ಬೆರಳಿಂದ ಒತ್ತಿದರೆ ಬೆಸುಗೆ ಬಿಡಬಾರದು. ಸ್ಟೇಪಲ್ ಬೇಡ, ವಾಷರ್ ಹಾಕಿ ಸ್ಕ್ರೂ ಬಿಗಿಯಿರಿ. ಕೆಳಗೆ ಒಂದಡಿ ಹೂತು ತುದಿಯನ್ನು ಹೊರಕ್ಕೆ ಮಡಚಿ: ಬೇಸಿಗೆಯಲ್ಲಿ ಎರೆಮಣ್ಣು ಬಿರಿದಾಗ ಹೆಗ್ಗಣ ದಾರಿ ಮಾಡಿಕೊಳ್ಳೋದು ಅಲ್ಲೇ. ಸುಂಡಿಲಿ ಮಾತ್ರ ಇದರಲ್ಲೂ ನುಸುಳುತ್ತೆ, ಅದಕ್ಕೆ ಕಾಲು ಇಂಚಿನದೇ ಬೇಕು.